ಟಾರ್ಪಿಡೊ ಬಂಡಿ ಕಟ್ಟೋಣ ಬನ್ನಿ

ಮಾದರಿ ರೈಲಿನ ಅಂಗಡಿಗಳಲ್ಲಿ ಎಣ್ಣೆ ಟ್ಯಾಂಕರ್, ಕಲ್ಲಿದ್ದಲು ವ್ಯಾಗನ್, ಪ್ರಯಾಣಿಕರ ಬೋಗಿ ಎಲ್ಲವೂ ಸಿಗುತ್ತವೆ. ಹುಡುಕಬೇಕಾಗುವುದು ಉಕ್ಕಿನ ಕಾರ್ಖಾನೆಯ ಕಾಂಪೌಂಡು ದಾಟದ ಬಂಡಿಗಳನ್ನು. ಕರಗಿದ ಕಬ್ಬಿಣ ಒಯ್ಯುವ ಟಾರ್ಪಿಡೊ ಲೇಡಲ್, ಕಿಟ್ಟ ಸುರಿಯುವ ಸ್ಲ್ಯಾಗ್ ಪಾತ್ರೆ, ನಿಗಿನಿಗಿ ಕೋಕ್ ಹೊತ್ತು ನೀರಿನ ಗೋಪುರದಡಿ ನಿಲ್ಲುವ ಕ್ವೆಂಚಿಂಗ್ ಕಾರ್ ಈ ಜಾತಿಯವು. ಸಾರ್ವಜನಿಕ ಹಳಿಗೆ ಹೆಚ್ಚಾಗಿ ಇಳಿಯದ ಕಾರಣ ಒಂದು ಕಾರ್ಖಾನೆಯ ಬಂಡಿ ಇನ್ನೊಂದರ ಬಂಡಿಯಂತೆ ಇರಬೇಕೆಂದೇನೂ ಇರಲಿಲ್ಲ. ಅಮೆರಿಕದ ವಾಲ್ದರ್ಸ್ ಕಂಪನಿ ಇಂಥ ಕೆಲವು ಬಂಡಿಗಳನ್ನು ಮಾರಿದ್ದುಂಟು. ಆದರೂ ತನಗೆ ಬೇಕಾದ ಕಾರ್ಖಾನೆಯ ಬಂಡಿಯೇ ಬೇಕೆಂದರೆ ಕೈಯಾರೆ ಕಟ್ಟಿಕೊಳ್ಳುವುದೇ ದಾರಿ. ಪ್ಲಾಸ್ಟಿಕ್ ತೊಲೆ, ಹಾಳೆಗಳಿಂದ ಇಡೀ ಉಕ್ಕಿನ ಕಾರ್ಖಾನೆಯನ್ನೇ ಮೇಜಿನ ಮೇಲೆ ಎಬ್ಬಿಸಿದ ಅಮೆರಿಕದ ಡೀನ್ ಫ್ರೈಟಾಗ್ ಅವರ ಕೆಲಸ ಈ ಹವ್ಯಾಸಕ್ಕೆ ದೊಡ್ಡ ಪ್ರೇರಣೆ.

ಕಟ್ಟುವ ಮೊದಲು ಬಂಡಿಯ ಕೆಲಸ ಏನೆಂದು ತಿಳಿಯಬೇಕು. ಪಿಟ್ಸ್‌ಬರ್ಗ್‌ನಲ್ಲಿ ಬ್ಲಾಸ್ಟ್ ಫರ್ನೆಸ್ ಮೊನೊಂಗಹೇಲಾ ನದಿಯ ಒಂದು ದಡದಲ್ಲಿ, ಉಕ್ಕು ಮಾಡುವ ಕುಲುಮೆ ಇನ್ನೊಂದು ದಡದಲ್ಲಿ ಇದ್ದವು. ನಡುವೆ ದ್ರವ ಕಬ್ಬಿಣವನ್ನು ಆರದಂತೆ ಸಾಗಿಸಲು ಕಟ್ಟಿದ ಹಾಟ್ ಮೆಟಲ್ ಬ್ರಿಡ್ಜ್ ಮೇಲೆ ಇಂದು ಕಾರು, ಸೈಕಲ್ಲು ಓಡಾಡುತ್ತವೆ. ಅದೇ ನದಿಯ ದಡದ ಕ್ಯಾರಿ ಫರ್ನೆಸ್‌ನ 6 ಮತ್ತು 7ನೇ ಕುಲುಮೆಗಳು 1907ರವು. ಈಗ ಅವು ರಾಷ್ಟ್ರೀಯ ಸ್ಮಾರಕ. ಪ್ರವಾಸಿಗರು ಒಳಗೆ ಹೋಗಿ ನೋಡಬಹುದು. ಟಾರ್ಪಿಡೊ ಬಂಡಿ ನಮಗೂ ದೂರದ್ದಲ್ಲ. ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಜೆಎಸ್‌ಡಬ್ಲ್ಯು ಕಾರ್ಖಾನೆಯೊಳಗೂ ಅದು ಓಡುತ್ತದೆ.

ಸುಮಾರು 1400 ಡಿಗ್ರಿ ಸೆಲ್ಸಿಯಸ್ ಬಿಸಿಯ, ನೂರಾರು ಟನ್ ಲೋಹ ಬೇಗ ಆರಬಾರದು. ಅದಕ್ಕೇ ಉರುಳೆಯಾಕಾರದ ಹೊಟ್ಟೆ, ಒಳಗೆ ಶಾಖ ತಡೆಯುವ ಇಟ್ಟಿಗೆ, ಮೇಲೆ ಒಂದೇ ಸಣ್ಣ ಬಾಯಿ. ಸುರಿಯುವಾಗ ಇಡೀ ಹೊಟ್ಟೆಯೇ ಮಗ್ಗುಲಿಗೆ ಹೊರಳುತ್ತದೆ. ಹೊಟ್ಟೆಯ ಕೆಳಗೆ ಚಾಸಿ ಇರುವುದಿಲ್ಲ. ಎರಡು ತುದಿಯ ಗಾಲಿಬಂಡಿಗಳನ್ನು ಜೋಡಿಸಿ ಹಿಡಿಯುವುದು ಹೊಟ್ಟೆಯೇ. ಮಾದರಿಯಲ್ಲಿ ಅಡಿಗೊಂದು ಪಟ್ಟಿ ಅಂಟಿಸಿದರೆ ಅದು ಟಾರ್ಪಿಡೊ ಅನ್ನಿಸುವುದೇ ಇಲ್ಲ.

ಇಲ್ಲಿನ ಅಳತೆಗಳೆಲ್ಲ ಎಚ್‌ಒ ಪ್ರಮಾಣದವು, ಅಂದರೆ ನಿಜದ 87ನೇ ಒಂದು ಭಾಗ. ಹೊಟ್ಟೆಗೆ ಹಾರ್ಡ್‌ವೇರ್ ಅಂಗಡಿಯ 40 ಮಿ.ಮೀ. ಹೊರವ್ಯಾಸದ ಪಿವಿಸಿ ಪೈಪು ಸಾಕು. ನಿಜದಲ್ಲಿ ಅದು ಸುಮಾರು ಮೂರೂವರೆ ಮೀಟರ್ ಆಗುತ್ತದೆ. 70 ಮಿ.ಮೀ. ಉದ್ದಕ್ಕೆ ನೇರವಾಗಿ ಕತ್ತರಿಸಿ. ಪೈಪಿಗೆ ಕಾಗದ ಸುತ್ತಿ, ಅದರ ಅಂಚಿನಗುಂಟ ಗೆರೆ ಎಳೆದುಕೊಂಡರೆ ಗರಗಸ ಓರೆ ಹೋಗದು.

ಕಷ್ಟವಾಗುವುದು ಎರಡೂ ತುದಿಯ ಶಂಕುವಿನ ಭಾಗದಲ್ಲಿ. 40 ಮಿ.ಮೀ. ವ್ಯಾಸದಿಂದ 24ಕ್ಕೆ, 30 ಮಿ.ಮೀ. ಉದ್ದದಲ್ಲಿ ಇಳಿಯಬೇಕು ಅನ್ನೋಣ. ಕೈವಾರದಿಂದ ಒಂದೇ ಕೇಂದ್ರಕ್ಕೆ 77.6 ಮತ್ತು 46.6 ಮಿ.ಮೀ. ತ್ರಿಜ್ಯದ ಎರಡು ಕಮಾನು ಎಳೆದು, 93 ಡಿಗ್ರಿಯಷ್ಟು ಬೀಸಣಿಗೆ ಕತ್ತರಿಸಿ ಸುತ್ತಿದರೆ ಅಂಚುಗಳು ಕೂಡಿಕೊಳ್ಳುತ್ತವೆ. ಮೊದಲು ದಪ್ಪ ಕಾಗದದಲ್ಲಿ ಮಾಡಿ ನೋಡಿ. ಸರಿ ಬಂದ ಮೇಲೆ 0.25 ಮಿ.ಮೀ. ಸ್ಟೈರೀನ್ ಹಾಳೆಯಲ್ಲಿ ಎರಡು ಪದರ ಸುತ್ತಿ, ಬೆಸುಗೆಯ ಗೆರೆ ಹೊಟ್ಟೆಯ ಅಡಿಗೆ ಬರುವಂತೆ ಕೂರಿಸಿ. ಒಳಗೆ 1 ಮಿ.ಮೀ. ಹಾಳೆಯ ಎರಡು ಬಿಲ್ಲೆಗಳನ್ನು 5 ಮಿ.ಮೀ. ಕಡ್ಡಿಗೆ ಪೋಣಿಸಿ ಆಧಾರ ಕೊಟ್ಟರೆ ಶಂಕು ಸೊಟ್ಟಗಾಗದು. ಕಡ್ಡಿಯ ತುದಿ ಹೊರಗೆ ಚಾಚಿರಲಿ. ಹೊಟ್ಟೆ ಹೊರಳುವ ಅಚ್ಚು ಅದೇ. ಸ್ಟೈರೀನ್‌ಗೆ ಬಳಸುವ ದ್ರಾವಕ ಅಂಟು ಪಿವಿಸಿಯನ್ನು ನೆಚ್ಚುವಂತೆ ಹಿಡಿಯುವುದಿಲ್ಲ. ಅಲ್ಲಿ ಎಪಾಕ್ಸಿ ಬೇಕು.

ಬಾಯಿಗೆ 14 ಮಿ.ಮೀ. ರಂಧ್ರ ಕೊರೆದು ಸುತ್ತ ದಪ್ಪ ಬಳೆ ಕೂರಿಸಿ. ಹಳೆಯ ಬಂಡಿಯಾದರೆ ರಿವೆಟ್ ಬೇಕೇ ಬೇಕು. ಹಾಳೆ ಸುತ್ತುವ ಮುನ್ನವೇ ಹಿಂಬದಿಯಿಂದ ಮೊಂಡು ಸೂಜಿ ಒತ್ತುತ್ತ ಹೋದರೆ ಮುಂದೆ ಸಾಲುಸಾಲು ಉಬ್ಬು ಮೂಡುತ್ತವೆ.

ಗಾಲಿಗಳನ್ನು ಕೊಂಡು ತರುವುದೇ ಜಾಣತನ. ಒಂದೊಂದು ತುದಿಗೆ ನಾಲ್ಕು ಗಾಲಿಯ ಎರಡು ಬೋಗಿ (ಗಾಲಿ ಚೌಕಟ್ಟು), ಅವುಗಳ ಮೇಲೆ ಒಂದು ಅಡ್ಡತೊಲೆ, ತೊಲೆಯ ನಡುವೆ ಅಚ್ಚು ಕೂರುವ ಪೀಠ. ಬೋಗಿಗಳೂ ತೊಲೆಯೂ ಬೇರೆಬೇರೆಯಾಗಿ ತಿರುಗಬೇಕು. ಒಂದು ಪೀಠದ ಪಕ್ಕ ಹೊರಳಿಸುವ ಮೋಟರು, ಗೇರ್ ಪೆಟ್ಟಿಗೆ ಇಡಿ. ಎರಡೂ ತುದಿ ಒಂದೇ ಥರ ಕಂಡರೆ ಈ ಬಂಡಿ ಸುರಿಯುವುದಾದರೂ ಹೇಗೆ? ಹಳಿಯ ಅಗಲ 16.5 ಮಿ.ಮೀ. ಭಾರತದ ಬ್ರಾಡ್‌ಗೇಜ್‌ಗೆ ಲೆಕ್ಕಪ್ರಕಾರ 19ರ ಮೇಲಾಗಬೇಕು. ಸಿಗುವ ಹಳಿ, ಗಾಲಿ ನೋಡಿಕೊಂಡು ಹೊಂದಿಕೊಳ್ಳಬೇಕಷ್ಟೆ.

ತೂಕದ ವಿಷಯದಲ್ಲಿ ಜಿಪುಣತನ ಬೇಡ. 1935ರಲ್ಲಿ ಹುಟ್ಟಿದ ಅಮೆರಿಕದ ನ್ಯಾಷನಲ್ ಮಾಡೆಲ್ ರೈಲ್‌ರೋಡ್ ಅಸೋಸಿಯೇಷನ್ ಎಚ್‌ಒ ಬಂಡಿಗೆ 1 ಔನ್ಸ್, ಜೊತೆಗೆ ಇಂಚಿಗೆ ಅರ್ಧ ಔನ್ಸ್ ಇರಲಿ ಎನ್ನುತ್ತದೆ. 25 ಸೆಂ.ಮೀ. ಬಂಡಿಗೆ ಸುಮಾರು 170 ಗ್ರಾಂ. ನಟ್ಟು, ವಾಷರುಗಳನ್ನು ಪೈಪಿನ ಒಳತಳಕ್ಕೆ ಎಪಾಕ್ಸಿಯಿಂದ ಅಂಟಿಸಿ. ಭಾರ ಅಚ್ಚಿನ ಕೆಳಗಿದ್ದರೆ ಬಾಯಿ ತಾನಾಗಿ ಮೇಲಕ್ಕೆ ನಿಲ್ಲುತ್ತದೆ, ಬೆರಳಲ್ಲಿ ಹೊರಳಿಸಿ ಬಿಟ್ಟರೂ ಮರಳಿ ಬರುತ್ತದೆ.

ಬಣ್ಣಕ್ಕೆ ಅವಸರ ಮಾಡಬೇಡಿ. ಮೈಗೆ ಹೊಳಪಿಲ್ಲದ ಕಪ್ಪುಕಂದು, ಅದರ ಮೇಲೆ ತುಕ್ಕಿನ ಪುಡಿ, ಧೂಳಿನ ಬೂದು. ಬಾಯಿಯ ಅಂಚಿನಲ್ಲಿ ಲೋಹವೂ ಕಿಟ್ಟವೂ ಹೆಪ್ಪುಗಟ್ಟಿ ಗಂಟಾಗಿರುತ್ತವೆ. ಅಂಟಿಗೆ ಸಣ್ಣ ಮರಳು ಕಲಸಿ ಹಚ್ಚಿದರೆ ಆ ಒರಟುತನ ಬರುತ್ತದೆ. ಈ ಸುರಿತದ ಕಲೆಗಳನ್ನು ಸುರಿಯುವ ಮಗ್ಗುಲಿಗೆ ಹೆಚ್ಚಾಗಿ ಇಳಿಸಿ. ಒಳಗೆ ಬೆಂಕಿ ತೋರಿಸುವಾಗ ಕಡುಗೆಂಪು ಬಳಿಯುವುದು ತಪ್ಪು. ಅಷ್ಟು ಬಿಸಿಯ ಕಬ್ಬಿಣ ಕಿತ್ತಳೆ ಮಿಶ್ರಿತ ಹಳದಿಯಾಗಿ ಕಾಣುತ್ತದೆ.

ಅಚ್ಚು ಹೊಯ್ದ ಗಟ್ಟಿಗಳನ್ನು ಸಾಗಿಸುತ್ತಿದ್ದ ಇಂಗಟ್ ಬಂಡಿ ಇದಕ್ಕಿಂತ ಸುಲಭ. ತಗ್ಗಾದ ದಪ್ಪ ಹಲಗೆ, ನಾಲ್ಕು ಗಾಲಿ, ಮೇಲೆ ನಿಂತ ಅಚ್ಚುಗಳು, ಅಷ್ಟೆ. ಒಂದು ಅಚ್ಚನ್ನು ಶ್ರದ್ಧೆಯಿಂದ ಕೆತ್ತಿ, ಸಿಲಿಕೋನ್‌ನಲ್ಲಿ ಪಡಿಯಚ್ಚು ತೆಗೆದು, ರೆಸಿನ್‌ನಲ್ಲಿ ಬೇಕಾದಷ್ಟು ಎರಕ ಹೊಯ್ದುಕೊಳ್ಳಬಹುದು. ನಿರಂತರ ಎರಕದ ಯಂತ್ರಗಳು ಬಂದ ಮೇಲೆ ಬಹುಪಾಲು ಕಾರ್ಖಾನೆಗಳಿಂದ ಇವು ಮರೆಯಾದವು. 1950ರ ದಶಕದ ಕಾರ್ಖಾನೆ ತೋರಿಸುವವರು ಇವನ್ನು ಬಿಡಬಾರದು.

ಟಾರ್ಪಿಡೊವನ್ನು ಬಣ್ಣಕ್ಕೆ ಮೊದಲೇ ನಿಮ್ಮ ಹಳಿಯ ಅತಿ ಬಿಗಿಯಾದ ತಿರುವಿನಲ್ಲಿ ಎಳೆದೂ ನೋಡಿ, ತಳ್ಳಿಯೂ ನೋಡಿ. ಗಾಲಿ ಏರಿದರೆ ಅಡ್ಡತೊಲೆಯ ಸ್ಕ್ರೂವನ್ನು ಕಾಲು ಸುತ್ತು ಸಡಿಲಿಸಿ ಮತ್ತೆ ಓಡಿಸಿ.