ಬೇಸಿಗೆಯ ಬಾಣಂತಿಕೋಣೆ: ಕೂಸಿಗೆ ನೀರು ಬೇಡ

ಚೈತ್ರ ವೈಶಾಖಗಳಲ್ಲಿ ತವರಿಗೆ ಬಂದ ಬಾಣಂತಿಯನ್ನು ನೋಡಲೆಂದು ನಮ್ಮ ವಿದ್ಯಾಗಿರಿಯ ಮನೆಗಳಿಗೆ ಹೋದಾಗ, ಹೊರಗೆ ಉಷ್ಣಮಾನವು 40 ಡಿಗ್ರಿಯನ್ನು ಮುಟ್ಟುತ್ತಿರಲು, ಮುಚ್ಚಿದ ಕೋಣೆಯಲ್ಲಿ ಕೌದಿಯೊಳಗೆ ಬೆವರುತ್ತಿರುವ ಕೂಸಿನ ಬಾಯಿಗೆ, “ಗಂಟಲ ಒಣಗೇತಿ, ಒಂದೀಟ ನೀರ ಹಾಕ್ರಿ” ಎಂಬ ಹಿರಿಯರ ಅಕ್ಕರೆಯ ಮಾತಿನಂತೆ ಒಳಲೆಯಿಂದ ನೀರೆರೆಯುವುದನ್ನು ಅನೇಕ ಸಲ ಕಂಡಿದ್ದೇನೆ. ಅಕ್ಕರೆಯಿಂದಲೇ ಆಗುವ ಈ ತಪ್ಪು ನಿಲ್ಲಬೇಕು.

ಹುಟ್ಟಿದೊಡನೆ ಶಿಶುವನ್ನು ಒರಸಿ, ಚರ್ಮಕ್ಕೆ ಚರ್ಮ ತಾಗುವಂತೆ ತಾಯಿಯ ಎದೆಯ ಮೇಲೆ ಮಲಗಿಸಿ, ಒಂದು ತಾಸಿನೊಳಗೆ ಹಾಲೂಡಿಸತಕ್ಕದ್ದು. ಹಳದಿಯಾದ ಮೊದಲ ಹಾಲನ್ನು ಹಿಂಡಿ ಚೆಲ್ಲಬಾರದು. ಜೇನುತುಪ್ಪ, ಬೆಲ್ಲದ ನೀರು, ಔಡಲೆಣ್ಣೆಗಳನ್ನು ನೆಕ್ಕಿಸಬಾರದು. ಮೈಗೆ ನೀರೆರೆದು ಸ್ನಾನ ಮಾಡಿಸುವುದು ಒಂದು ದಿನವಾದರೂ ಕಳೆದ ಮೇಲೆ. ಹೊಕ್ಕುಳಿಗೆ ಏನನ್ನೂ ಹಚ್ಚದೆ ಒಣಗಲು ಬಿಡಬೇಕು.

ಇನ್ನು ನೀರಿನ ವಿಚಾರ. ತಾಯಿಯ ಹಾಲಿನ ನೂರು ಪಾಲಿನಲ್ಲಿ ಸುಮಾರು 88 ಪಾಲು ನೀರೇ ಆಗಿರುವುದರಿಂದ, ಆಲಮಟ್ಟಿಯ ಹಿನ್ನೀರು ಇಳಿದು ನೆಲ ಬಿರಿಯುವ ಬೇಸಿಗೆಯಲ್ಲಿಯೂ, ಆರು ತಿಂಗಳು ತುಂಬುವ ತನಕ ಕೂಸಿಗೆ ಬೇರೆ ನೀರಿನ ಅಗತ್ಯವಿಲ್ಲ. ಎರೆದ ನೀರು ಪುಟ್ಟ ಹೊಟ್ಟೆಯನ್ನು ತುಂಬಿ ಹಸಿವನ್ನು ಅಡಗಿಸುತ್ತದೆ. ಕೂಸು ಚೀಪುವುದು ತಗ್ಗಿದಷ್ಟೂ ತಾಯಿಯಲ್ಲಿ ಹಾಲಿನ ಉತ್ಪತ್ತಿ ತಗ್ಗುತ್ತದೆ. ಹಾಲು ಸಾಲದೆಂದು ಮನೆಯವರು ಮತ್ತೆ ಒಳಲೆಯನ್ನೇ ಹಿಡಿಯುತ್ತಾರೆ. ನೀರು ಅಶುದ್ಧವಾಗಿದ್ದರೆ ಭೇದಿ. ಹೆಚ್ಚಾದರೆ ರಕ್ತದ ಲವಣಾಂಶ ಕುಗ್ಗಿ ಸೆಳವು ಬರುವ ಭಯ. ನೀರು ಬೇಕಾದದ್ದು ತಾಯಿಗೆ, ಮೊಲೆ ಬೇಕಾದದ್ದು ಕೂಸಿಗೆ; ಶೀತವಾಗುವುದೆಂದು ಬಾಣಂತಿಯ ತಂಬಿಗೆಯನ್ನೇ ದೂರವಿಡುವ ಪದ್ಧತಿಯನ್ನು ನಾನು ಒಪ್ಪಲಾರೆ.

ಹಗಲಿರುಳು ಸೇರಿ 8ರಿಂದ 12 ಸಲ ಹಾಲೂಡಿಸಿರಿ. ಆಗ ಕೂಸಿನ ಬಾಯಿ ಅಗಲವಾಗಿ ತೆರೆದು, ತೊಟ್ಟಿನ ಸುತ್ತಣ ಕಪ್ಪು ಭಾಗವೂ ಬಹುಮಟ್ಟಿಗೆ ಒಳಗಾಗಿ, ಗದ್ದವು ಎದೆಗೆ ತಾಗಿರಬೇಕು. ಐದನೆಯ ದಿನದಿಂದ ದಿನಕ್ಕೆ ಆರು ಸಲವಾದರೂ ತಿಳಿಯಾದ ಮೂತ್ರ ಹೋಗುತ್ತಿದ್ದು, ಮೊದಲು ತುಸು ಇಳಿದ ತೂಕವು ಎರಡು ವಾರದೊಳಗೆ ಜನನಕಾಲದ ಮಟ್ಟಕ್ಕೆ ಮರಳಿದರೆ ಹಾಲು ಸಾಲುತ್ತಿದೆಯೆಂದೇ ತಿಳಿಯತಕ್ಕದ್ದು. ಮೂತ್ರ ಕಡಿಮೆಯೆನಿಸಿದರೆ ಹಾಲೂಡಿಸುವುದನ್ನು ಹೆಚ್ಚಿಸಿ, ವೈದ್ಯರಿಗೆ ತೋರಿಸಿರಿ.

ಹೊದಿಕೆಗೆ, ತೊಳೆದು ಬಿಸಿಲಿಗೆ ಒಣಗಿಸಿದ ಹಳೆಯ ನೂಲಿನ ಇಳಕಲ್ಲ ಸೀರೆಯ ತುಂಡಿನಷ್ಟು ಮೃದುವಾದುದು ಇನ್ನೊಂದಿಲ್ಲ. ಎದೆ, ಹೊಟ್ಟೆಗಳನ್ನು ಮುಟ್ಟಿ ನೋಡಿ, ಬೆವರಿದ್ದರೆ ಕುಂಚಿಗೆಯನ್ನೂ ಕೌದಿಯನ್ನೂ ತೆಗೆಯಿರಿ. ಎರಡೂವರೆ ಕಿಲೋಕ್ಕಿಂತ ಕಡಿಮೆ ತೂಕದ ಕೂಸಿಗೆ ಮಾತ್ರ ಬೆಚ್ಚಗಿಡುವ ಕ್ರಮವನ್ನು ವೈದ್ಯರಿಂದ ಕೇಳಿ ತಿಳಿಯಬೇಕು. ಹೊರಸಿನ ಕೆಳಗಣ ಕೆಂಡ, ಧೂಪದ ಹೊಗೆ ಬೇಡವೇ ಬೇಡ.

ಹುಟ್ಟಿದಾಗ ಬಿಸಿಜಿ, ಪೋಲಿಯೊ, ಹೆಪಟೈಟಿಸ್-ಬಿ ಲಸಿಕೆಗಳು. ಮುಂದಿನವು 6, 10, 14ನೆಯ ವಾರಗಳಲ್ಲಿ. ಆಶಾ ಕಾರ್ಯಕರ್ತೆ 42ನೆಯ ದಿನದವರೆಗೂ ಮನೆಗೆ ಬರುವಾಗ ತೂಕ ಮಾಡಿಸಿರಿ. ಎರಡು ತಿಂಗಳ ಹೊತ್ತಿಗೆ ನಗು, ನಾಲ್ಕರ ಹೊತ್ತಿಗೆ ಕತ್ತಿನ ಹಿಡಿತ. ಹಾಲು ಬಿಟ್ಟರೆ, ಉಸಿರು ನಿಮಿಷಕ್ಕೆ 60 ಅಥವಾ ಹೆಚ್ಚಾದರೆ, ಮೈ ಸುಟ್ಟರೆ ಇಲ್ಲವೆ ತಣ್ಣಗಾದರೆ, ಅಂಗೈ ಅಂಗಾಲು ಹಳದಿಯಾದರೆ, ಸೆಳವು ಬಂದರೆ, ಬರೆ ಹಾಕಿಸುತ್ತ ಕೂಡದೆ 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಒಯ್ಯಿರಿ. ದಾರಿಯುದ್ದಕ್ಕೂ ಕೂಸು ತಾಯಿಯ ಎದೆಗೊರಗಿಯೇ ಇರಲಿ.