ಪಿಎಚ್‌ಡಿ ದಾರಿಗೆ ಡಿಗ್ರಿಯ ಬುತ್ತಿ

2024ರ ಬೇಸಿಗೆ. ಪಿಯುಸಿ ಮುಗಿಸಿದ ಮಗಳನ್ನು ಕರೆದುಕೊಂಡು ಈ ಅಂಕಣದ ಲೇಖಕಿ ಬೆಂಗಳೂರಿನ ಖಾಸಗಿ ಕಾಲೇಜೊಂದಕ್ಕೆ ಹೋದರು. ಮಗಳಿಗೆ ಜೀವವಿಜ್ಞಾನದಲ್ಲಿ ಪಿಎಚ್‌ಡಿ ಮಾಡುವ ಹಂಬಲ. ಹಾಸ್ಟೆಲ್ ಸೇರಿ ಮೂರು ವರ್ಷದ ಬಿಎಸ್ಸಿಗೆ ಹತ್ತು ಲಕ್ಷವಾಗುತ್ತಿತ್ತು. "ಲೋನ್ ನಾವೇ ಮಾಡಿಸಿಕೊಡ್ತೀವಿ ಮೇಡಂ" ಎಂದರು ಕಾಲೇಜಿನವರು.

ಆ ರಾತ್ರಿ ಅಮ್ಮ, ಮಗಳು ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಲೆಕ್ಕ ಹಾಕಿದರು. ಶೇ 10ರ ಬಡ್ಡಿ, ಹತ್ತು ವರ್ಷದ ಅವಧಿ ಎಂದರೆ ತಿಂಗಳಿಗೆ 13,215 ರೂಪಾಯಿ ಕಂತು. ಓದುವಾಗ ಬೆಳೆಯುವ ಬಡ್ಡಿ ಬೇರೆ. ಡಿಗ್ರಿ ಮುಗಿದ ಕೂಡಲೇ ಕೆಲಸಕ್ಕೆ ಸೇರುವವರು ಇದನ್ನು ತೀರಿಸಿಯಾರು. ಪಿಎಚ್‌ಡಿಗೆ ಹೊರಟವಳಿಗೆ ಎಂಎಸ್ಸಿಯ ಎರಡು ವರ್ಷ ಮತ್ತೆ ಖರ್ಚೇ. ಆಮೇಲೆ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಸಿಕ್ಕರೆ, 2023ರ ಜನವರಿಯಿಂದ ಜಾರಿಯಾದ ದರದಲ್ಲಿ ತಿಂಗಳಿಗೆ 37,000 ರೂಪಾಯಿ, ಜೊತೆಗೆ ಮನೆ ಬಾಡಿಗೆ ಭತ್ಯೆ. ಆ 37,000ದಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಬ್ಯಾಂಕಿಗೇ ಹೋದರೆ ಉಳಿಯುವುದೇನು?

ಅದೇ ಬೇಸಿಗೆಯಲ್ಲಿ ರಾಜ್ಯ ಸರ್ಕಾರ ನಾಲ್ಕು ವರ್ಷದ ಡಿಗ್ರಿ ಕೈಬಿಟ್ಟು ಮೂರು ವರ್ಷಕ್ಕೆ ಮರಳಿತು. ಯುಜಿಸಿಯ 2022ರ ನಿಯಮದ ಪ್ರಕಾರ ನಾಲ್ಕು ವರ್ಷದ ಪದವಿಯಲ್ಲಿ ಶೇ 75 ಅಂಕ ಪಡೆದವರು ನೇರವಾಗಿ ಪಿಎಚ್‌ಡಿಗೆ ಅರ್ಜಿ ಹಾಕಬಹುದು. ಮೂರು ವರ್ಷದವರಿಗೆ ಆ ಬಾಗಿಲಿಲ್ಲ. ಆದರೆ ಬೆಂಗಳೂರಿನ ಐಐಎಸ್‌ಸಿ, ಜಕ್ಕೂರಿನ ಜವಾಹರಲಾಲ್ ನೆಹರೂ ವೈಜ್ಞಾನಿಕ ಸಂಶೋಧನಾ ಕೇಂದ್ರಗಳಲ್ಲಿ ಬಿಎಸ್ಸಿ ಮುಗಿಸಿದವರಿಗೂ ಇಂಟಿಗ್ರೇಟೆಡ್ ಪಿಎಚ್‌ಡಿ ಉಂಟು, ವಿದ್ಯಾರ್ಥಿವೇತನವೂ ಉಂಟು. ಹಾಗಾಗಿ ಮೂರು ವರ್ಷದ ಡಿಗ್ರಿಗೆ ಹೆದರಬೇಕಾಗಿಲ್ಲ, ಸಾಲಕ್ಕೆ ಹೆದರಬೇಕು.

ಮರುವಾರ ಮೈಸೂರಿನ ಒಂದು ಸರ್ಕಾರಿ ಕಾಲೇಜು. ಲ್ಯಾಬಿನ ಬಾಗಿಲಲ್ಲೇ ಸ್ಪಿರಿಟ್ ವಾಸನೆ. ಮೂವರು ಹುಡುಗಿಯರು ಈರುಳ್ಳಿ ಬೇರಿನ ತುದಿ ಕತ್ತರಿಸಿ, ಬಣ್ಣ ಹಾಕಿ, ಗಾಜಿನ ಚೂರಿನಡಿ ಹೆಬ್ಬೆರಳಿನಿಂದ ಒತ್ತುತ್ತಿದ್ದರು. ಒಬ್ಬಳ ಸ್ಲೈಡ್ ಕೆಟ್ಟಿತು. ಮೇಷ್ಟ್ರು ಪಕ್ಕದಲ್ಲಿ ಕೂತು ಇನ್ನೊಂದು ಬೇರು ತೆಗೆದುಕೊಟ್ಟರು.

"ನಿಮ್ಮ ಮಕ್ಕಳು ಬೇಸಿಗೆ ರಜೆಯಲ್ಲಿ ಎಲ್ಲಿಗೆ ಹೋಗ್ತಾರೆ, ಸರ್?" ಎಂದು ಲೇಖಕಿ ಕೇಳಿದರು. ಖಾಸಗಿ ಕಾಲೇಜಿನಲ್ಲಿ ಇದೇ ಪ್ರಶ್ನೆಗೆ ಪ್ಲೇಸ್‌ಮೆಂಟಿನ ಪಟ್ಟಿ ಸಿಕ್ಕಿತ್ತು. ಮೇಷ್ಟ್ರು ರಟ್ಟಿನ ನೋಟ್‌ಬುಕ್ ತೆರೆದರು: ವಿಜ್ಞಾನ ಅಕಾಡೆಮಿಗಳ ಬೇಸಿಗೆ ಫೆಲೋಶಿಪ್ಪಿಗೆ ಯಾರು ಯಾವ ವರ್ಷ ಹೋದರು ಎಂಬುದು ಅವರದೇ ಕೈಬರಹದಲ್ಲಿತ್ತು. ಆ ಅರ್ಜಿಗೆ ಅಧ್ಯಾಪಕರ ಶಿಫಾರಸು ಪತ್ರ ಬೇಕೇ ಬೇಕು. ಮುಂದೆ ಪಿಎಚ್‌ಡಿ ಸಂದರ್ಶನದಲ್ಲೂ ಕೈಹಿಡಿಯುವುದು ಅಂಥ ಎರಡು ತಿಂಗಳ ಅನುಭವವೇ.

ಮಗಳು ಅಲ್ಲೇ ಸೇರಿದಳು. ಬೋರ್ಡ್ ಪರೀಕ್ಷೆಯಲ್ಲಿ ಮೊದಲ ಶೇ 1ರೊಳಗಿದ್ದುದರಿಂದ ಕೇಂದ್ರದ ಇನ್‌ಸ್ಪೈರ್ ವಿದ್ಯಾರ್ಥಿವೇತನವೂ ಬಂತು. ವರ್ಷಕ್ಕೆ 80,000: ಅರವತ್ತು ಸಾವಿರ ಕೈಗೆ, ಇಪ್ಪತ್ತು ಸಾವಿರ ಬೇಸಿಗೆ ಪ್ರಾಜೆಕ್ಟಿಗೆ. ಎರಡನೇ ವರ್ಷ ಹೈದರಾಬಾದಿನ ಲ್ಯಾಬೊಂದಕ್ಕೆ ಹೊರಟಾಗ ಪತ್ರ ಬರೆದುಕೊಟ್ಟವರು ಅದೇ ಮೇಷ್ಟ್ರು. ಅವರ ನೋಟ್‌ಬುಕ್ಕಿನಲ್ಲಿ ಈಗ ಅವಳ ಹೆಸರೂ ಇದೆ.