ಹೊಗೆ ಬರುವುದು ಯಾವಾಗ? – ವಾಲ್ವ್ ಸೀಲ್ ಪಾಠವನ್ನು ಎರಡನೆಯ ಸಲ ಕಲಿಸಿದಾಗ

ಬೋಧನಾಭ್ಯಾಸದಲ್ಲಿ ನಾನು ಆರಿಸಿಕೊಂಡ ಘಟಕ 'ಸವೆದ ವಾಲ್ವ್ ಸ್ಟೆಮ್ ಸೀಲ್ ಬದಲಾಯಿಸುವುದು'. ತರಗತಿ ಐಟಿಐ ಮೋಟಾರು ಮೆಕ್ಯಾನಿಕ್ ವಿಭಾಗದ್ದು. ಬೋಧನೋಪಕರಣ, ಕಾರ್ಯಾಗಾರದಲ್ಲಿದ್ದ ಹಳೆಯ ಅಂಬಾಸಿಡರ್ ಕಾರಿನ 1489 ಸಿಸಿ ಪೆಟ್ರೋಲ್ ಎಂಜಿನ್. ಹೆಡ್ಡನ್ನು ಹಿಂದಿನ ದಿನವೇ ಬಿಚ್ಚಿ ಮೇಜಿನ ಮೇಲೆ ಇಟ್ಟಿದ್ದೆ.

40 ನಿಮಿಷದಲ್ಲಿ ಎಲ್ಲ ಹಂತಗಳನ್ನೂ ಮಾಡಿ ತೋರಿಸಿದೆ. ಪಾಠ ಮುಗಿಯುವಾಗ ಒಬ್ಬ ವಿದ್ಯಾರ್ಥಿ ಕೇಳಿದ: "ಸರ್, ಸೀಲೇ ಹೋಗಿದೆ ಅಂತ ಹೆಡ್ ಬಿಚ್ಚೋಕೆ ಮುಂಚೆ ಹೇಗೆ ಗೊತ್ತಾಗುತ್ತೆ? ರಿಂಗ್ ಹೋದ್ರೂ ಹೊಗೆ ಬರುತ್ತಲ್ವಾ?" ನನ್ನ ಪಾಠಯೋಜನೆಯಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಆ ಪ್ರಶ್ನೆಯಿಂದಲೇ ಆರಂಭಿಸಿ ಪಾಠವನ್ನು ಮತ್ತೊಮ್ಮೆ ತೆಗೆದುಕೊಳ್ಳುವಂತೆ ಮಾರ್ಗದರ್ಶಕರು ಸೂಚಿಸಿದರು.

ಪಾಠ ಪ್ರವೇಶ

ಎರಡನೆಯ ಸಲ ಕಪ್ಪುಹಲಗೆಯ ಮೇಲೆ ಮೂರು ದೂರುಗಳನ್ನು ಬರೆದೆ.

1. ರಾತ್ರಿಯಿಡೀ ನಿಂತ ಕಾರನ್ನು ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ನೀಲಿ ಹೊಗೆ ಬಂದು, ಸ್ವಲ್ಪ ಹೊತ್ತಿಗೆ ನಿಲ್ಲುತ್ತದೆ.
2. ಚಾರ್ಮಾಡಿ ಘಾಟಿಯನ್ನು ಗೇರಿನಲ್ಲೇ ಇಳಿದು, ಕೆಳಗೆ ಆಕ್ಸಿಲರೇಟರ್ ತುಳಿದಾಗ ನೀಲಿ ಹೊಗೆ.
3. ಅದೇ ಘಾಟಿ ಹತ್ತುವಾಗ ಉದ್ದಕ್ಕೂ ನೀಲಿ ಹೊಗೆ.

ವಿಷಯ ನಿರೂಪಣೆ

ನಾಲ್ಕು ಸ್ಟ್ರೋಕ್‌ಗಳ ಪೂರ್ವಜ್ಞಾನ ವಿದ್ಯಾರ್ಥಿಗಳಿಗಿತ್ತು. ಎಂಜಿನ್ ನಿಂತಾಗ ಮೇಲಿನ ಆಯಿಲ್ ಸೀಲ್ ದಾಟಿ, ವಾಲ್ವ್ ಗೈಡಿನ ಮೂಲಕ ಕೆಳಗಿಳಿಯುತ್ತದೆ. ಬೆಳಿಗ್ಗೆ ಅದೇ ಉರಿಯುತ್ತದೆ. ಇಳಿಜಾರಿನಲ್ಲಿ ಥ್ರಾಟಲ್ ಮುಚ್ಚಿರುವುದರಿಂದ ಮ್ಯಾನಿಫೋಲ್ಡಿನ ನಿರ್ವಾತ ಹೆಚ್ಚಿ, ಇನ್‌ಲೆಟ್ ವಾಲ್ವ್ ಪಕ್ಕದಿಂದ ಆಯಿಲನ್ನು ಎಳೆಯುತ್ತದೆ. ಮೊದಲೆರಡು ದೂರುಗಳನ್ನು ಅವರೇ ಸೀಲಿಗೆ ಜೋಡಿಸಿದರು. ಮೂರನೆಯದು ರಿಂಗಿನ ಕಡೆಗೆ ಬೆರಳು ತೋರುತ್ತದೆ. ಅನುಮಾನವಿದ್ದರೆ ಕಂಪ್ರೆಶನ್ ಪರೀಕ್ಷೆ ಮಾಡಬೇಕು: ಒತ್ತಡ ಕಡಿಮೆಯಿರುವ ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟಾಗ ಒತ್ತಡ ಏರಿದರೆ ರಿಂಗ್ ಸವೆದಿದೆ. ಎಲ್ಲ ಸಿಲಿಂಡರಿನಲ್ಲೂ ಒತ್ತಡ ಸರಿಯಾಗಿದ್ದು ಬೆಳಗಿನ ಹೊಗೆ ಮಾತ್ರವಿದ್ದರೆ ಸೀಲ್ ಅಥವಾ ಗೈಡ್ ನೋಡಬೇಕು.

ಈ ನಿರ್ಧಾರ ಏಕೆ ಮುಖ್ಯ? ಈ ಎಂಜಿನ್ನಿನಲ್ಲಿ ರಾಕರ್ ಶಾಫ್ಟ್ ಹಿಡಿದಿರುವ ನಟ್‌ಗಳಲ್ಲಿ ನಾಲ್ಕು, ಹೆಡ್ಡನ್ನೂ ಹಿಡಿದಿವೆ. ಆ ನಾಲ್ಕನ್ನೇ ಬಿಚ್ಚಿದರೆ ಹೆಡ್ ಸೊಟ್ಟಗಾಗಬಹುದು. ನೀರು ಖಾಲಿ ಮಾಡಿ, ಹೆಡ್ಡಿನ 11 ನಟ್‌ಗಳನ್ನೂ ಕ್ರಮವಾಗಿ, ಸ್ವಲ್ಪ ಸ್ವಲ್ಪವೇ ಸಡಿಲಿಸಬೇಕು. ತಪ್ಪು ಊಹೆಯಿಂದ ಬಿಚ್ಚಿದರೆ ಗ್ಯಾಸ್ಕೆಟ್, ಕೂಲಿ ಎಲ್ಲ ಗಿರಾಕಿಯ ತಲೆಗೆ. ಹೊಗೆ ಮಾತ್ರ ಹಾಗೆಯೇ ಉಳಿಯುತ್ತದೆ.

ಪ್ರಾತ್ಯಕ್ಷಿಕೆ

ಪ್ರತಿ ಹಂತದಲ್ಲೂ 'ಏಕೆ' ಎಂದು ಕೇಳಿದೆ.

– ಕನ್ನಡಕ ಹಾಕಿಕೊಂಡು, ಕಂಪ್ರೆಸರಿನಿಂದ ವಾಲ್ವ್ ಸ್ಪ್ರಿಂಗ್ ಒತ್ತಿ ಕಾಟರ್ ಲಾಕ್ ತೆಗೆಯುವುದು. ಸ್ಪ್ರಿಂಗ್ ಜಾರಿದರೆ ಲಾಕ್ ಕಣ್ಣಿಗೆ ಸಿಡಿಯುತ್ತದೆ.
– ವಾಲ್ವ್‌ಗಳನ್ನು ಸಂಖ್ಯೆ ಬರೆದು ಜೋಡಿಸಿಡುವುದು. ಪ್ರತಿ ವಾಲ್ವ್ ತನ್ನ ಸೀಟಿಗೆ ಹೊಂದಿಕೊಂಡಿರುತ್ತದೆ.
– ವಾಲ್ವನ್ನು ಗೈಡಿನಲ್ಲಿ ಅತ್ತಿತ್ತ ಅಲ್ಲಾಡಿಸಿ ನೋಡುವುದು. ಗೈಡ್ ಸವೆದಿದ್ದರೆ ಹೊಸ ಸೀಲ್ ಬಾಳುವುದಿಲ್ಲ.
– ಇಲ್ಲಿ ಸೀಲ್ ಎಂದರೆ ಸಣ್ಣ ರಬ್ಬರ್ ಉಂಗುರ. ಅದನ್ನು ಶುದ್ಧ ಆಯಿಲಿನಲ್ಲಿ ನೆನೆಸಿ, ಸ್ಪ್ರಿಂಗ್ ಒತ್ತಿದ ಮೇಲೆಯೇ ಲಾಕಿನ ಗಾಡಿಯ ಕೆಳಗೆ ಕೂರಿಸಿ, ನಂತರ ಲಾಕ್ ಹಾಕುವುದು. ಮೊದಲೇ ಹಾಕಿದರೆ ಸ್ಪ್ರಿಂಗಿನ ಮೇಲಿನ ಬಟ್ಟಲು ಅದನ್ನು ಕೆಳಗೆ ತಳ್ಳಿ ಕೆಡಿಸುತ್ತದೆ.

ಮೌಲ್ಯಮಾಪನ

ಪ್ರತಿ ಗುಂಪಿಗೂ ಒಂದು ದೂರಿನ ಚೀಟಿ ಕೊಟ್ಟು, "ಬಿಚ್ಚುವಿರಾ, ಬೇಡವೇ? ಕಾರಣವೇನು?" ಎಂದು ಕೇಳಿದೆ. ಹೆಚ್ಚಿನ ಗುಂಪುಗಳು ಸರಿಯಾಗಿ ಉತ್ತರಿಸಿದವು. ಒಂದು ಗುಂಪು ಚಳಿಯ ಬೆಳಗಿನ ಬಿಳಿ ಹಬೆಯನ್ನೂ ಸೀಲಿನ ದೋಷವೆಂದಿತು. ಹೊಗೆಯ ಬಣ್ಣದ ಬಗ್ಗೆ ನಾನು ಮಾತನಾಡಿದ್ದು ಸಾಲದು ಎಂದು ಆಗ ತಿಳಿಯಿತು. ಮುಂದಿನ ಪಾಠಕ್ಕೆ ಅದನ್ನು ಬರೆದುಕೊಂಡೆ.

ಈ ಸಲ ಎಂಟು ವಾಲ್ವ್‌ಗಳಲ್ಲಿ ಎರಡಕ್ಕೆ ಮಾತ್ರ ಸೀಲ್ ಹಾಕಲು ಸಮಯ ಸಿಕ್ಕಿತು. ಉಳಿದ ಆರನ್ನು ಮರುದಿನದ ಪ್ರಾಯೋಗಿಕ ಅವಧಿಯಲ್ಲಿ ವಿದ್ಯಾರ್ಥಿಗಳೇ ಹಾಕಿದರು. ಕೌಶಲದ ಪಾಠ ಯೋಜಿಸುವ ಸಹಪ್ರಶಿಕ್ಷಣಾರ್ಥಿಗಳಿಗೆ ನನ್ನ ಸಲಹೆ ಇಷ್ಟೆ: ಸ್ಪ್ಯಾನರ್ ಕೈಗೆತ್ತಿಕೊಳ್ಳುವ ಮೊದಲು ವಿದ್ಯಾರ್ಥಿ ಏನನ್ನು ನಿರ್ಧರಿಸಬೇಕು ಎಂಬುದನ್ನು ಉದ್ದೇಶಗಳ ಪಟ್ಟಿಯಲ್ಲಿ ಮೊದಲು ಬರೆಯಿರಿ.